ಚೆಕ್-ಇನ್ ಕೌಂಟರ್‌ನಲ್ಲಿ ಒಳ್ಳೆ ರೂಮು ಕೇಳೋದು ಹೇಗೆ?

ಈ ಸಲದ ಮಾತು ಒಂದು ಸಣ್ಣ ವಿಷಯದ ಬಗ್ಗೆ. ಹೋಟೆಲ್‌ಗೆ ಹೋದಾಗ ಕೌಂಟರ್‌ನಲ್ಲಿ "ಇದಕ್ಕಿಂತ ಒಳ್ಳೆ ರೂಮು ಸಿಗುತ್ತಾ?" ಅಂತ ಕೇಳೋದು. ವಿಡಿಯೋದಲ್ಲಿ ಮಾತಾಡ್ತಾ ಅಲ್ಲಲ್ಲಿ ದಾರಿ ತಪ್ಪಿದ್ದೆ, ಇಲ್ಲಿ ಸ್ವಲ್ಪ ಸರಿಮಾಡಿ ಬರೆದಿದ್ದೀನಿ.

ಮೊದಲು ನಾನು ಹೇಗೆ ಕೆಡಿಸ್ಕೊಂಡೆ ಅನ್ನೋದು. ಎರಡು ವರ್ಷದ ಹಿಂದೆ ಅಪ್ಪ-ಅಮ್ಮ ಹುಬ್ಬಳ್ಳಿಯಿಂದ ಪುಣೆಗೆ ಬಂದಿದ್ರು. ವಾಕಡ್‌ನಲ್ಲಿರೋ ನನ್ನ ಮನೆ ಒಂದೇ ಬೆಡ್‌ರೂಮಿನದು, ಅದಕ್ಕೆ ಹತ್ತಿರದ ಹೋಟೆಲ್‌ನಲ್ಲಿ ರೂಮು ಬುಕ್ ಮಾಡಿದ್ದೆ. ಯಾರದೋ ರೀಲ್ ನೋಡಿ ತಲೆಗೆ ಹುಳ ಬಿಟ್ಕೊಂಡಿದ್ದೆ. ಹಿಂದೆ ನಾಲ್ಕು ಜನ ಕ್ಯೂನಲ್ಲಿ ನಿಂತಿರುವಾಗ, "ನಮ್ಮ ಕಂಪನಿಯವರು ನಿಮ್ಮಲ್ಲೇ ಉಳ್ಕೊಳ್ತಾರೆ, ಸೂಟ್ ಏನಾದ್ರೂ ಮಾಡಿಕೊಡಿ" ಅಂದೆ. ಇಲ್ಲ ಅಂದ್ರು. ಮತ್ತೆ ಕೇಳಿದೆ, ಮತ್ತೆ ಇಲ್ಲ. ಮೂರನೇ ಸಲ ಮ್ಯಾನೇಜರ್‌ನ ಕರೀರಿ ಅಂದೆ. ಅಪ್ಪ ಬ್ಯಾಗ್ ಹಿಡ್ಕೊಂಡು ಹಿಂದೆ ನಿಂತಿದ್ರು. ಲಿಫ್ಟ್‌ನಲ್ಲಿ ಒಂದೇ ಮಾತು: "ರೊಕ್ಕಾ ಕೊಟ್ಟು ಭಿಕ್ಷಾ ಬೇಡೂದು ಇವತ್ತ ನೋಡಿದೆ." ಅಲ್ಲಿದ್ದ ಮೂರು ದಿನ ಅವರು ಫೋನ್ ಎತ್ತಿ ಒಂದು ಚಹಾ ಕೂಡ ತರಿಸಲಿಲ್ಲ. ಬೆಳಿಗ್ಗೆ ಎದ್ದು ರಸ್ತೆ ದಾಟಿ ಗಾಡಿಯಲ್ಲಿ ಕುಡಿದು ಬರ್ತಿದ್ರು.

ಆಮೇಲೆ ನಾನು ಎಲ್ಲೂ ಏನೂ ಕೇಳೋದೇ ಬಿಟ್ಟಿದ್ದೆ. ಆದರೆ ಈ ವರ್ಷ ಕೇಳದೆ ಬೇರೆ ದಾರಿ ಇರಲಿಲ್ಲ. ಬಾಣೇರ್‌ನಲ್ಲಿ ಚಿಕ್ಕಪ್ಪನ ಮಗನ ಗೃಹಪ್ರವೇಶ. ಅಮ್ಮನಿಗೆ ಮೊಣಕಾಲಿನ ಆಪರೇಶನ್ ಆಗಿ ನಾಲ್ಕು ತಿಂಗಳಾಗಿತ್ತು. ನಾನು ಬುಕ್ ಮಾಡಿದ್ದ ಹೋಟೆಲ್‌ನ ಫೋಟೋ ನೋಡಿದರೆ ಬಚ್ಚಲಲ್ಲಿ ಬಾತ್‌ಟಬ್. ಅದರ ಅಂಚು ದಾಟಿ ಕಾಲಿಡೋದು ಅಮ್ಮನಿಂದ ಆಗೋ ಮಾತಲ್ಲ. ಹಾಗಾಗಿ ಈ ರೂಮು ಹಂಚೋ ವ್ಯವಸ್ಥೆ ನಿಜವಾಗಿ ಹೇಗೆ ನಡೆಯುತ್ತೆ ಅಂತ ಕೂತು ಅರ್ಥ ಮಾಡ್ಕೊಂಡೆ. ಹೋಟೆಲ್ ಲೈನ್‌ನಲ್ಲಿರೋ ಒಬ್ಬ ಗೆಳೆಯನ ತಲೆಯನ್ನೂ ತಿಂದೆ.

ನೀವು ಬುಕ್ ಮಾಡೋದು ರೂಮನ್ನಲ್ಲ, ರೂಮಿನ ವರ್ಗವನ್ನ. "ಡೀಲಕ್ಸ್, ಇಬ್ಬರಿಗೆ, ಎರಡು ರಾತ್ರಿ" ಅಷ್ಟೇ. 412 ಕೊಡೋದಾ 608 ಕೊಡೋದಾ ಅನ್ನೋದು ಆಮೇಲೆ ತೀರ್ಮಾನ ಆಗುತ್ತೆ. ದೊಡ್ಡ ಹೋಟೆಲ್‌ಗಳಲ್ಲಿ ಒರಾಕಲ್‌ನ ಓಪೆರಾ ತರಹದ ಸಾಫ್ಟ್‌ವೇರ್ ಇರುತ್ತೆ. ಅದರಲ್ಲಿ ಪ್ರತಿ ರೂಮಿನ ಸ್ಥಿತಿ ಕಾಣುತ್ತೆ: ಜನ ಇದ್ದಾರಾ, ಖಾಲಿ ಆಯ್ತಾ, ಕ್ಲೀನ್ ಆಯ್ತಾ. ಸಾಮಾನ್ಯವಾಗಿ ಹಿಂದಿನ ರಾತ್ರಿ ಅಥವಾ ಅವತ್ತು ಬೆಳಿಗ್ಗೆ ಯಾರೋ ಒಬ್ಬರು ಕೂತು ಬರೋರ ಪಟ್ಟಿ ನೋಡಿ ರೂಮು ಹಂಚಿರ್ತಾರೆ. ನೀವು ಮಧ್ಯಾಹ್ನ ಕೌಂಟರ್‌ಗೆ ಹೋಗೋ ಹೊತ್ತಿಗೆ ನಿಮ್ಮ ಹೆಸರಿನ ಮುಂದೆ ನಂಬರ್ ಬಿದ್ದಿರುತ್ತೆ. ಅಂದ್ರೆ ಕೇಳೋಕೆ ಒಳ್ಳೆ ಸಮಯ ಚೆಕ್-ಇನ್ ಅಲ್ಲವೇ ಅಲ್ಲ, ಅದಕ್ಕೂ ಹಿಂದಿನ ದಿನ.

ಇನ್ನೊಂದು ವಿಷಯ. ಅಪ್‌ಗ್ರೇಡ್ ಅನ್ನೋದು ಯಾರೋ ದಯೆ ತೋರಿಸಿ ಕೊಡೋ ಉಡುಗೊರೆ ಅಂತ ನಾನು ಅಂದ್ಕೊಂಡಿದ್ದೆ. ಬಹಳ ಸಲ ಅದು ಅವರ ಅನಿವಾರ್ಯ. ಕಡಿಮೆ ದರದ ರೂಮುಗಳು ಬೇಗ ಖರ್ಚಾಗುತ್ತವೆ, ಕೆಲವರು ಕೊನೆ ಗಳಿಗೆಯಲ್ಲಿ ಕ್ಯಾನ್ಸಲ್ ಮಾಡ್ತಾರೆ ಅನ್ನೋ ಲೆಕ್ಕದಲ್ಲಿ ಇರೋದಕ್ಕಿಂತ ನಾಲ್ಕು ಹೆಚ್ಚು ಮಾರಿರ್ತಾರೆ. ಎಲ್ಲರೂ ಬಂದ್ಬಿಟ್ರೆ ಯಾರನ್ನಾದ್ರೂ ಮೇಲಿನ ವರ್ಗಕ್ಕೆ ಕಳಿಸಲೇಬೇಕು. ಆ "ಯಾರಾದ್ರೂ" ನೀವಾಗಬಹುದಾ ಅನ್ನೋದಷ್ಟೇ ಪ್ರಶ್ನೆ.

ಇಲ್ಲಿ ನನ್ನೊಳಗಿನ ಎಂಟೆಕ್ ಎದ್ದು ಕೂತ, ಕ್ಷಮಿಸಿ. 1972ರಲ್ಲಿ ಬ್ರಿಟನ್ನಿನ ಬಿಒಎಸಿ ವಿಮಾನ ಕಂಪನಿಯಲ್ಲಿದ್ದ ಕೆನ್ ಲಿಟಲ್‌ವುಡ್ ಅನ್ನೋರು ಒಂದು ಸರಳ ಲೆಕ್ಕ ಕೊಟ್ಟರು. ಎದುರಿಗಿರೋ ಕಡಿಮೆ ದರದ ಗಿರಾಕಿಗೆ ಸೀಟು ಕೊಡೋದಾ, ಆಮೇಲೆ ಹೆಚ್ಚು ದರದವನು ಬರಬಹುದು ಅಂತ ಕಾದಿಡೋದಾ? ಹೆಚ್ಚಿನ ದರವನ್ನ ಅವನು ಬರೋ ಸಂಭವದಿಂದ ಗುಣಿಸಿ. ಅದು ಈಗಿನ ದರಕ್ಕಿಂತ ಕಡಿಮೆ ಇದ್ರೆ ಕೊಟ್ಟುಬಿಡಿ. ಹೋಟೆಲ್‌ಗಳೂ ಇದೇ ದಾರಿ ಹಿಡಿದವು. ಸಂಜೆ ಆಗ್ತಾ ಆಗ್ತಾ ದುಡ್ಡು ಕೊಟ್ಟು ಸೂಟ್ ತಗೊಳ್ಳೋನು ಬರೋ ಸಂಭವ ಇಳೀತಾ ಹೋಗುತ್ತೆ. ಅದಕ್ಕೇ ಸಂಜೆ ಕೇಳಿದ್ರೆ ಸಿಗೋ ಸಾಧ್ಯತೆ ಹೆಚ್ಚು. ಹಾಗೇ, ಒಂದು ರಾತ್ರಿ ಇರೋರಿಗೆ ಸುಲಭ. ಮೂರು ರಾತ್ರಿ ಇರೋರಿಗೆ ಆ ಮೇಲಿನ ರೂಮು ಮೂರೂ ರಾತ್ರಿ ಖಾಲಿ ಇರಬೇಕಲ್ಲ. ನಾನು ಎರಡು ವರ್ಷದ ಹಿಂದೆ ಮೂರು ರಾತ್ರಿಗೆ, ಮಧ್ಯಾಹ್ನ ಎರಡಕ್ಕೆ, ಸೂಟ್ ಕೇಳಿದ್ದೆ!

ಊರಿನ ಲೆಕ್ಕವೂ ಇದೆ. ಹಿಂಜವಡಿ ಕಡೆ ಹೋಟೆಲ್‌ಗಳನ್ನ ತುಂಬಿಸೋದು ಐಟಿ ಕಂಪನಿಗಳ ಕೆಲಸಕ್ಕೆ ಬರೋರು. ಅವರು ವಾರದ ನಡುವೆ ಇರ್ತಾರೆ, ಶುಕ್ರವಾರ ಜಾಗ ಖಾಲಿ ಮಾಡ್ತಾರೆ. ಅದೇ ಮದುವೆ ಸೀಸನ್‌ನಲ್ಲಿ ದೊಡ್ಡ ಹಾಲ್ ಇರೋ ಹೋಟೆಲ್ ಆದ್ರೆ ಶನಿವಾರ ಕೇಳೋದೇ ಬೇಡ, ಬೀಗರ ಕಡೆಯವರಿಗೇ ಸಾಲಲ್ಲ.

ದುಡ್ಡು ಕೊಟ್ಟು ಅಪ್‌ಗ್ರೇಡ್ ತಗೊಳ್ಳಿ ಅಂತ ಅವರೇ ಹೇಳಿದ್ರೆ ಒಂದು ನಿಮಿಷ ಫೋನ್ ತೆಗೆದು ಲೆಕ್ಕ ಮಾಡಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5, ಅದರ ಮೇಲೆ ಹೋದ್ರೆ ಶೇ 18, ಅದೂ ಪೂರ್ತಿ ಮೊತ್ತದ ಮೇಲೆ. ನನ್ನ ರೂಮು 6800. ತೆರಿಗೆ 340 ಸೇರಿ 7140. "ಬರೀ ಸಾವಿರ ಹೆಚ್ಚು ಸರ್" ಅಂದ್ರೆ 7800 ಆಯ್ತು, ತೆರಿಗೆ 1404, ಒಟ್ಟು 9204. ಸಾವಿರದ ಅಪ್‌ಗ್ರೇಡ್‌ಗೆ ಜೇಬಿಂದ ಹೋಗಿದ್ದು 2064. ಪುಕ್ಕಟೆ ಕೊಟ್ರೆ ಈ ತಾಪತ್ರಯ ಇಲ್ಲ, ತೆರಿಗೆ ಬೀಳೋದು ನೀವು ನಿಜವಾಗಿ ಕೊಡೋ ದರದ ಮೇಲೆ.

ಸರಿ, ಈ ಸಲ ಏನು ಮಾಡಿದೆ? ಅಪ್ಪ-ಅಮ್ಮ ಶುಕ್ರವಾರದ ವಂದೇ ಭಾರತ್‌ನಲ್ಲಿ ಬರೋರಿದ್ರು. ಅದು ಬೆಳಿಗ್ಗೆ ಹುಬ್ಬಳ್ಳಿ ಬಿಟ್ಟು ಮಧ್ಯಾಹ್ನ ಪುಣೆ ಮುಟ್ಟುತ್ತೆ. ಗುರುವಾರ ಸಂಜೆ ಹೋಟೆಲ್‌ಗೇ ಫೋನ್ ಮಾಡಿದೆ. ಬುಕಿಂಗ್ ಆ್ಯಪ್‌ನ "ವಿಶೇಷ ವಿನಂತಿ" ಖಾನೆಯಲ್ಲಿ ಬರೆದು ಸುಮ್ಮನಿರಬೇಡಿ, ಅದನ್ನ ಯಾರು ಯಾವಾಗ ಓದ್ತಾರೋ ಗೊತ್ತಾಗಲ್ಲ. ಅಪ್‌ಗ್ರೇಡ್ ಅನ್ನೋ ಶಬ್ದವನ್ನೇ ಬಳಸಲಿಲ್ಲ. "ನಾಳೆ ನನ್ನ ತಂದೆ-ತಾಯಿ ಬರ್ತಿದ್ದಾರೆ. ತಾಯಿಗೆ ಮೊಣಕಾಲು ಆಪರೇಶನ್ ಆಗಿದೆ. ಟಬ್ ಇಲ್ಲದ, ನಿಂತು ಸ್ನಾನ ಮಾಡೋ ಬಚ್ಚಲಿನ ರೂಮು, ಲಿಫ್ಟ್‌ಗೆ ಹತ್ತಿರ ಇದ್ರೆ ಒಳ್ಳೇದು. ಅದೇ ವರ್ಗದಲ್ಲಿ ಇಲ್ಲಾಂದ್ರೆ ಬೇರೆ ಏನಾದ್ರೂ ಸಾಧ್ಯ ಇದೆಯಾ ನೋಡ್ತೀರಾ? ಆಗಲ್ಲ ಅಂದ್ರೂ ಈಗಲೇ ಹೇಳಿ, ಬೇರೆ ವ್ಯವಸ್ಥೆ ಮಾಡ್ಕೊಳ್ತೀನಿ." ಹಿಂದಿಯಲ್ಲಿ ಹೇಳಿದ್ದು, ಆದರೆ ಅರ್ಥ ಇಷ್ಟೇ.

ಕೊನೆಯ ವಾಕ್ಯ ಮುಖ್ಯ ಅಂತ ನನ್ನ ಗೆಳೆಯ ಹೇಳಿದ್ದ. ಕೌಂಟರ್‌ನಲ್ಲಿ ನಿಂತವರಿಗೆ ಅದೇ ವರ್ಗದೊಳಗೆ ರೂಮು ಬದಲಿಸೋದು ಕೈಬೆರಳಿನ ಕೆಲಸ. ವರ್ಗವನ್ನೇ ಬದಲಿಸೋಕೆ ಮೇಲಿನವರನ್ನ ಕೇಳಬೇಕು, ಕಾರಣ ಬರೀಬೇಕು. "ಒಳ್ಳೆ ರೂಮು ಕೊಡಿ" ಅಂದ್ರೆ ಬರೆಯೋಕೆ ಕಾರಣವೇ ಇಲ್ಲ. "ಟಬ್ ದಾಟೋಕೆ ಆಗಲ್ಲ" ಅಂದ್ರೆ ಇದೆ. ಹಾಗಂತ ಇಲ್ಲದ ಕಾರಣ ಹುಟ್ಟಿಸಬೇಡಿ. ಇವತ್ತು ಹುಟ್ಟುಹಬ್ಬ ಅಂತ ಹೇಳಿ ಮರುಕ್ಷಣ ಆಧಾರ್ ಕಾರ್ಡ್ ಕೊಡೋ ಗಂಡಸರನ್ನ ಅವರು ದಿನಾ ನೋಡ್ತಾರಂತೆ.

ಶುಕ್ರವಾರ ಕೌಂಟರ್‌ಗೆ ಹೋದಾಗ ಅಲ್ಲಿದ್ದ ಹುಡುಗಿ, "ನಿನ್ನೆ ಫೋನ್ ಮಾಡಿದವರಾ?" ಅಂದ್ಲು. ರೂಮು ಮೊದಲೇ ಬದಲಾಗಿತ್ತು. ಸೂಟ್ ಅಲ್ಲ, ಅದೇ ಡೀಲಕ್ಸ್. ಎರಡನೇ ಮಹಡಿ, ಲಿಫ್ಟ್ ಪಕ್ಕ, ಬಚ್ಚಲು ಸಪಾಟು. ಕಿಟಕಿ ತೆಗೆದ್ರೆ ಪಾರ್ಕಿಂಗ್ ಕಾಣುತ್ತೆ. ನೋಟದ ಲೆಕ್ಕದಲ್ಲಿ ಇದು ಡೌನ್‌ಗ್ರೇಡ್! ಅಮ್ಮ ಬಚ್ಚಲಿಗೆ ಹೋಗಿ, ಗೋಡೆ ಹಿಡಿದು ಒಂದು ಸುತ್ತು ನೋಡಿ ಬಂದು, "ಇಲ್ಲಿ ನಾ ಒಬ್ಬಾಕಿನ ಜಳಕಾ ಮಾಡ್ತೀನಿ" ಅಂದ್ಲು. ನಾಲ್ಕು ತಿಂಗಳಿಂದ ಯಾರಾದ್ರೂ ಬಾಗಿಲ ಹತ್ತಿರ ನಿಲ್ಲಬೇಕಾಗಿತ್ತು.

ಅಪ್ಪನ ಕನ್ನಡ ಕೇಳಿ ಆ ಹುಡುಗಿ, ತಾನು ಅಕ್ಕಲಕೋಟ ಕಡೆಯವಳು, "ನಮ್ಮ ಅಜ್ಜಿ ಮನ್ಯಾಗ ಕನ್ನಡನ ಮಾತಾಡ್ತಾರ್ರಿ" ಅಂದ್ಲು. ಸೊಲ್ಲಾಪುರ ಜಿಲ್ಲೆಯ ಆ ಭಾಗದಲ್ಲಿ ಕನ್ನಡದ ಮನೆಗಳು ಬಹಳ. ಕನ್ನಡದಿಂದ ರೂಮು ಸಿಕ್ತು ಅಂತ ಯಾರೂ ಕಾಮೆಂಟ್ ಹಾಕಬೇಡಿ, ರೂಮು ಆಗಲೇ ಸಿಕ್ಕಾಗಿತ್ತು. ಅಪ್ಪ ಮಾತ್ರ ಹತ್ತು ನಿಮಿಷ ಕೌಂಟರ್ ಬಿಟ್ಟು ಕದಲಲಿಲ್ಲ. ಅವಳ ಅಜ್ಜಿ ಊರು, ಆ ಊರಿನ ಜಾತ್ರೆ, ಜೋಳದ ಧಾರಣಿ, ಎಲ್ಲ ಆಯ್ತು.

ಮರುದಿನ ಬೆಳಿಗ್ಗೆ ಏಳಕ್ಕೆ ನಾನು ಹೋಟೆಲ್‌ಗೆ ಹೋದಾಗ ಅಪ್ಪ ರೂಮಿನಲ್ಲೇ ಇದ್ರು. ಕೈಯಲ್ಲಿ ಫೋನ್ ರಿಸೀವರ್. "ಹಾಂ, ಏಕ್ ಪ್ಲಾಸ್ಟಿಕ್ ಸ್ಟೂಲ್ ಮಿಲೇಗಾ ಕ್ಯಾ? ಬಾತ್‌ರೂಮ್ ಕೆ ಲಿಯೇ. ನಹೀಂ ಹೈ ತೋ ಕೋಯಿ ಬಾತ್ ನಹೀಂ." ಫೋನ್ ಇಟ್ಟು ನನ್ನ ಕಡೆ ನೋಡಿ, "ಚಹಾನೂ ಹೇಳೀನಿ, ನಿನಗೂ ಒಂದು" ಅಂದ್ರು.