ಚಂದ್ರನಿಗಾಗಿ ಖಜಾನೆ ತೆರೆದದ್ದೇಕೆ?

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದನ್ನು ನಾವೆಲ್ಲ ವಿಜ್ಞಾನದ ಪಾಠವಾಗಿ ಓದಿದವರು. ಆದರೆ ಆ ಯಾತ್ರೆಗೆ ಮುಹೂರ್ತ ಇಟ್ಟವರು ವಿಜ್ಞಾನಿಗಳಲ್ಲ.

1961ರ ಏಪ್ರಿಲ್ 12ರಂದು ಸೋವಿಯತ್ ಒಕ್ಕೂಟದ ಯೂರಿ ಗಗಾರಿನ್ ಭೂಮಿಯನ್ನು ಸುತ್ತಿ ಬಂದರು. ಐದು ದಿನಗಳ ನಂತರ ಕ್ಯೂಬಾದ ಮೇಲೆ ಅಮೆರಿಕ ಬೆನ್ನಿಗೆ ನಿಂತು ಮಾಡಿಸಿದ ದಾಳಿ ಶುರುವಾಗಿ, ಮೂರೇ ದಿನಗಳಲ್ಲಿ ನೆಲಕಚ್ಚಿತು. ಎರಡೆರಡು ಮುಖಭಂಗ. ಬಾಹ್ಯಾಕಾಶದಲ್ಲಿ ರಷ್ಯನ್ನರನ್ನು ಸೋಲಿಸುವ ದಾರಿ ಯಾವುದಾದರೂ ಉಂಟೇ ಎಂದು ಅಧ್ಯಕ್ಷ ಕೆನಡಿ ಏಪ್ರಿಲ್ 20ರಂದು ಉಪಾಧ್ಯಕ್ಷ ಜಾನ್ಸನ್ ಅವರಿಗೆ ಟಿಪ್ಪಣಿ ಬರೆದರು. ಮೇ 25ರಂದು, ದಶಕ ಮುಗಿಯುವುದರೊಳಗೆ ಚಂದ್ರನ ಮೇಲೆ ಮನುಷ್ಯನನ್ನು ಇಳಿಸುವ ಗುರಿಯನ್ನು ಸಂಸತ್ತಿನ ಮುಂದಿಟ್ಟರು. ಆ ಹೊತ್ತಿಗೆ ಅಮೆರಿಕನ್ನರ ಬಾಹ್ಯಾಕಾಶಯಾನದ ಒಟ್ಟು ಅನುಭವ ಕೇವಲ 15 ನಿಮಿಷ!

ಹಾಗೆಂದು ಕೆನಡಿ ಆಕಾಶದ ಕನಸುಗಾರರೇನಲ್ಲ. 1962ರ ನವೆಂಬರಿನಲ್ಲಿ ಶ್ವೇತಭವನದಲ್ಲಿ ನಡೆದ ಸಭೆಯೊಂದರ ಧ್ವನಿಮುದ್ರಣ ಉಳಿದುಬಂದಿದೆ. ನಾಸಾ ಮುಖ್ಯಸ್ಥ ಜೇಮ್ಸ್ ವೆಬ್ ವಿಜ್ಞಾನದ ವಿಶಾಲ ಪ್ರಯೋಜನಗಳ ಮಾತೆತ್ತಿದಾಗ ಅಧ್ಯಕ್ಷರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: ತಮಗೆ ಬಾಹ್ಯಾಕಾಶದಲ್ಲಿ ಅಂಥ ಆಸಕ್ತಿಯೇನೂ ಇಲ್ಲ, ರಷ್ಯನ್ನರಿಗಿಂತ ಮೊದಲು ಚಂದ್ರನನ್ನು ಮುಟ್ಟುವುದಕ್ಕಲ್ಲದಿದ್ದರೆ ಇಷ್ಟು ಹಣ ಸುರಿಯಬಾರದು. ಮರುವರ್ಷ ವಿಶ್ವಸಂಸ್ಥೆಯಲ್ಲಿ, ರಷ್ಯದ ಜೊತೆಗೂಡಿಯೇ ಹೋಗಬಾರದೇಕೆ ಎಂದೂ ಕೇಳಿದರು. ಎರಡು ತಿಂಗಳಲ್ಲಿ ಅವರ ಹತ್ಯೆಯಾಯಿತು. ಆಮೇಲೆ ಆ ಯೋಜನೆಗೆ ಕತ್ತರಿ ಹಾಕುವುದೆಂದರೆ ಸತ್ತವರ ಮಾತು ಮುರಿದಂತೆ. ಜಾನ್ಸನ್ ಅದನ್ನು ಕಾಯ್ದರು.

1966ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಖರ್ಚು ಮಾಡಿದ ಪ್ರತಿ 100 ಡಾಲರಿನಲ್ಲಿ ನಾಲ್ಕಕ್ಕೂ ಹೆಚ್ಚು ನಾಸಾಕ್ಕೆ ಹೋಯಿತು. ಈಗ ಆ ಪಾಲು ಅರ್ಧ ಡಾಲರನ್ನೂ ಮುಟ್ಟುವುದಿಲ್ಲ. ವಿಚಿತ್ರವೆಂದರೆ ಹಣದ ಇಳಿತ ಆರಂಭವಾದದ್ದು ಚಂದ್ರನನ್ನು ಮುಟ್ಟಿದ ಮೇಲಲ್ಲ, ಅದಕ್ಕೂ ಮೊದಲೇ. ವಿಯೆಟ್ನಾಂ ಯುದ್ಧ ಖಜಾನೆಯನ್ನು ನುಂಗುತ್ತಿತ್ತು, ನಗರಗಳಲ್ಲಿ ದಂಗೆಗಳೆದ್ದಿದ್ದವು. 1968ರಲ್ಲೇ ಹೊಸ ಸ್ಯಾಟರ್ನ್ ರಾಕೆಟ್ಟುಗಳ ತಯಾರಿಕೆ ನಿಲ್ಲಿಸಲಾಯಿತು. 1970ರಲ್ಲಿ ಮೂರು ಯಾತ್ರೆಗಳು ರದ್ದಾದವು. 1972ರ ಡಿಸೆಂಬರಿನ ಅಪೊಲೊ 17 ಆ ಸರಣಿಯ ಕೊನೆಯದು. ಹಾರಲೆಂದೇ ಕಟ್ಟಿದ ಭಾಗಗಳನ್ನು ಜೋಡಿಸಿದ ಸ್ಯಾಟರ್ನ್ ಒಂದು ಹೂಸ್ಟನ್ನಿನಲ್ಲಿ ಇಂದಿಗೂ ಮಲಗಿದೆ, ಪ್ರವಾಸಿಗರು ನೋಡಲೆಂದು.

ಸ್ಪರ್ಧಿ ಇಲ್ಲವಾದಾಗ ಏನಾಗುತ್ತದೆಂಬುದು 1993ರಲ್ಲಿ ತಿಳಿಯಿತು. ಸೋವಿಯತ್ ಒಕ್ಕೂಟ ಕಣ್ಮರೆಯಾಗಿ ಎರಡು ವರ್ಷ ತುಂಬಿರಲಿಲ್ಲ. ಜೂನ್ ತಿಂಗಳಲ್ಲಿ ಅಮೆರಿಕದ ಕೆಳಮನೆಯಲ್ಲಿ ಬಾಹ್ಯಾಕಾಶ ನಿಲ್ದಾಣದ ಯೋಜನೆ ಉಳಿದದ್ದು 216ಕ್ಕೆ 215, ಒಂದೇ ಒಂದು ಮತದಿಂದ. ಅದೇ ವರ್ಷ ಕ್ಲಿಂಟನ್ ಸರ್ಕಾರ ರಷ್ಯವನ್ನೇ ಪಾಲುದಾರನಾಗಿ ಕರೆಯಿತು. 1998ರಲ್ಲಿ ನಿಲ್ದಾಣದ ಮೊದಲ ಘಟಕ ಜರ್ಯಾ ಮೇಲೇರಿದ್ದು ರಷ್ಯದ ರಾಕೆಟ್ಟಿನಲ್ಲಿ. ಅದನ್ನು ಕಟ್ಟಿದವರೂ ರಷ್ಯನ್ನರೇ. ಹಣ ಕೊಟ್ಟದ್ದು ಅಮೆರಿಕ.