ಮೊದಲು ಗಾಳಿ ಅಳೆಯೋಣ, ಆಮೇಲೆ ಯಂತ್ರ ತರೋಣ

ಹಾಯಿದೋಣಿಯಲ್ಲೇ ಸಂಸಾರ ಹೂಡಿದವರು ಸೋಲಾರ್ ಪ್ಯಾನೆಲ್ ಪಕ್ಕದಲ್ಲಿ ಪುಟ್ಟ ಗಾಳಿಯಂತ್ರವನ್ನೂ ನಿಲ್ಲಿಸಿಕೊಳ್ಳುತ್ತಾರೆ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ತೋಟದ ಮನೆಗಳಿಗೆ ಆ ಜೋಡಿ ಒಗ್ಗೀತೆ?

ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 48ರಿಂದಲೇ ಬೆಟ್ಟಸಾಲಿನ ಗಾಳಿಯಂತ್ರಗಳು ಕಾಣುತ್ತವೆ. ಪಾವಗಡದ ಪೂರ್ವಕ್ಕೆ, ಆಂಧ್ರದ ರಾಮಗಿರಿ ಸೀಮೆಯ ಗುಡ್ಡಗಳ ಮೇಲೆ 1990ರ ದಶಕದಲ್ಲೇ ಇಂಥ ಯಂತ್ರಗಳು ತಿರುಗತೊಡಗಿದ್ದವು. ಇವೆರಡರ ನಡುವೆ ಪಾವಗಡ ತಾಲ್ಲೂಕಿನ ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಊರುಗಳ ಸುಮಾರು 13,000 ಎಕರೆ ಜಮೀನಿನಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಹರಡಿಕೊಂಡಿದೆ. ಮಳೆ ಕೈಕೊಟ್ಟ ಸೀಮೆ ಬಿಸಿಲನ್ನೂ ಗಾಳಿಯನ್ನೂ ಬೆಳೆಯಾಗಿ ಮಾಡಿಕೊಂಡಿದೆ.

ಆದರೂ ಊರಿನಿಂದ ಮೈಲಿ ದೂರದಲ್ಲಿ, ಹೊಲದ ಮಧ್ಯೆ ಇರುವ ಒಂಟಿಮನೆಯ ಕಥೆಯೇ ಬೇರೆ. ಊರಿನ ಲೈನು ಅಲ್ಲಿಯವರೆಗೆ ಬಂದಿರುವುದಿಲ್ಲ. ಪಂಪ್‌ಸೆಟ್ ಲೈನನ್ನು ನೆಚ್ಚಿಕೊಂಡರೆ ಕರೆಂಟು ಅದರ ಹೊತ್ತಿಗೆ ಬರುತ್ತದೆ, ನಮ್ಮ ಹೊತ್ತಿಗಲ್ಲ. ಹೀಗಾಗಿ ಚಾವಣಿಯ ಮೇಲೆ ಒಂದೆರಡು ಪ್ಯಾನೆಲ್, ಒಳಗೊಂದು ಬ್ಯಾಟರಿ ಇಟ್ಟುಕೊಂಡ ಮನೆಗಳು ಈಗ ಸಾಮಾನ್ಯ. ಬೇಸಿಗೆಯಲ್ಲಿ ಎಲ್ಲ ಸರಿಯಾಗಿಯೇ ನಡೆಯುತ್ತದೆ. ಆಷಾಢದ ಮೋಡ ಮುಸುಕಿದ ದಿನಗಳಲ್ಲಿ ಬ್ಯಾಟರಿ ರಾತ್ರಿ ಪೂರ್ತಿ ಬರುವುದಿಲ್ಲ. ಆ ಹೊತ್ತಿಗೇ ಹೊರಗೆ ಗಾಳಿ ತಗಡು ಕಿತ್ತುಹೋಗುವ ಹಾಗೆ ಬೀಸುತ್ತಿರುತ್ತದೆ. ಆ ಗಾಳಿಯನ್ನು ಬ್ಯಾಟರಿಗೆ ಇಳಿಸಬಾರದೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಖಂಡಿತ ಇಳಿಸಬಹುದು. ಆದರೆ ಎಲ್ಲ ಜಾಗದಲ್ಲೂ ಅಲ್ಲ, ಎಷ್ಟೆತ್ತರದಲ್ಲಾದರೂ ಅಲ್ಲ. ಯಂತ್ರಕ್ಕೆ ಹಣ ಸುರಿಯುವ ಮೊದಲು ಗಾಳಿಯನ್ನು ಅಳೆಯಬೇಕು. ಅಳೆಯದೆ ತಂದ ಯಂತ್ರ ಕಂಬದ ಮೇಲೆ ಅಲಂಕಾರಕ್ಕಷ್ಟೇ ಉಳಿಯುತ್ತದೆ.

ದೋಣಿಯವರು ಕಂಡುಕೊಂಡದ್ದು

ವಿದ್ಯುತ್ತಿನ ಲೆಕ್ಕದಲ್ಲಿ ಹಾಯಿದೋಣಿಯ ಮನೆಗೂ ಹೊಲದ ಒಂಟಿಮನೆಗೂ ಹೆಚ್ಚು ವ್ಯತ್ಯಾಸವಿಲ್ಲ. ಎರಡಕ್ಕೂ ಹೊರಗಿನ ಲೈನಿನ ಆಸರೆಯಿಲ್ಲ. ತುಂಬಿಸಿಟ್ಟಷ್ಟೇ ಖರ್ಚಿಗೆ. ದೋಣಿಯಲ್ಲಿ ದೀಪ, ರೇಡಿಯೊ, ನೀರಿನ ಪಂಪು, ಪುಟ್ಟ ಫ್ರಿಜ್ಜು ಎಲ್ಲ ಬ್ಯಾಟರಿಯ ಮೇಲೇ ನಡೆಯಬೇಕು. ಅದು ಸೋತರೆ ಎಂಜಿನ್ ಓಡಿಸಿ ಡೀಸೆಲ್ ಸುಡಬೇಕು. ಅದನ್ನು ತಪ್ಪಿಸಲೆಂದು ದೋಣಿಯ ಹಿಂಬದಿಯಲ್ಲಿ ಕಂಬ ನೆಟ್ಟು, ಸುಮಾರು ಒಂದು ಮೀಟರ್ ಅಗಲಕ್ಕೆ ತಿರುಗುವ ಯಂತ್ರ ಕೂರಿಸುತ್ತಾರೆ. ಹಗಲಿನ ಹೆಚ್ಚಿನ ಪಾಲು ಪ್ಯಾನೆಲ್‌ನದು, ಮೋಡದ ದಿನ ಮತ್ತು ರಾತ್ರಿಯ ಪಾಲು ಗಾಳಿಯದು.

ಈ ಉಪಾಯಕ್ಕೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. 1893ರಲ್ಲಿ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಉತ್ತರ ಧ್ರುವದ ಕಡೆ ಹೊರಟಾಗ ಅವರ ‘ಫ್ರಾಮ್’ ಹಡಗಿನ ಮೇಲೆ ಗಾಳಿಯಂತ್ರವೊಂದಿತ್ತು. ಹಡಗು ಹಿಮಗಡ್ಡೆಯ ನಡುವೆ ಸಿಕ್ಕಿಕೊಂಡೇ 1896ರವರೆಗೆ ತೇಲಿತು. ತಿಂಗಳುಗಟ್ಟಲೆ ಸೂರ್ಯನೇ ಏಳದ ಆ ಕತ್ತಲಲ್ಲಿ ಡೈನಮೊ ತಿರುಗಿಸಿ ಹಡಗಿನೊಳಗೆ ದೀಪ ಬೆಳಗಿದ್ದು ಆ ಗಾಳಿಯಂತ್ರವೇ.

ಸಮುದ್ರದಲ್ಲಿ ಈ ಯಂತ್ರ ಗೆಲ್ಲುವುದಕ್ಕೆ ಕಾರಣವಿದೆ. ನೀರಿನ ಮೇಲೆ ಗಾಳಿಗೆ ಮರವಿಲ್ಲ, ಮನೆಯಿಲ್ಲ, ದಿಬ್ಬವಿಲ್ಲ. ವಾಣಿಜ್ಯ ಮಾರುತಗಳ ದಾರಿಯಲ್ಲಿ ಗಂಟೆಗೆ 28ರಿಂದ 37 ಕಿಲೋಮೀಟರ್ ವೇಗದ ಗಾಳಿ ದಿನಗಟ್ಟಲೆ ಒಂದೇ ಸಮ ಬೀಸುತ್ತದೆ. ಅದೇ ದೋಣಿ ಬೆಟ್ಟದ ಮರೆಯ ಬಂದರಿನಲ್ಲಿ ಲಂಗರು ಹಾಕಿತೆಂದರೆ ಯಂತ್ರದಿಂದ ಹುಟ್ಟುವುದು ಅಷ್ಟಕ್ಕಷ್ಟೆ. ಮರೆಯ ಬಂದರಿನಲ್ಲೇ ಹೆಚ್ಚು ಕಾಲ ಇರುವವರು ಅದೇ ಹಣಕ್ಕೆ ಇನ್ನೊಂದು ಪ್ಯಾನೆಲ್ ಕೊಳ್ಳುವುದು ಮೇಲು ಎಂಬುದು ಅನುಭವಸ್ಥ ನಾವಿಕರ ಮಾತು. ನಮ್ಮ ನಾಲ್ಕು ತಾಲ್ಲೂಕಿನವರು ಅವರಿಂದ ಮೊದಲು ಕಲಿಯಬೇಕಾದ ಪಾಠ ಇದು.

ವೇಗ ಎರಡರಷ್ಟು, ಶಕ್ತಿ ಎಂಟರಷ್ಟು

ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟಾಗುತ್ತದೆ, ಅರ್ಧಕ್ಕಿಳಿದರೆ ಎಂಟನೇ ಒಂದು ಪಾಲು ಉಳಿಯುತ್ತದೆ. ಆ ಶಕ್ತಿಯನ್ನೂ ಪೂರ್ತಿ ಹಿಡಿಯಲಾಗದು. ಯಾವ ರೆಕ್ಕೆಯೂ ಗಾಳಿಯಿಂದ ಶೇ 59.3ಕ್ಕಿಂತ ಹೆಚ್ಚು ಕಸಿಯಲಾರದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಸ್ 1919ರಲ್ಲೇ ತೋರಿಸಿಕೊಟ್ಟರು. ಸಣ್ಣ ಯಂತ್ರದಲ್ಲಿ ರೆಕ್ಕೆ, ಜನರೇಟರ್, ತಂತಿ, ಬ್ಯಾಟರಿಗಳ ನಷ್ಟವೆಲ್ಲ ಕಳೆದು ಕಾಲು ಭಾಗ ಕೈಗೆ ಸಿಕ್ಕರೆ ಒಳ್ಳೆಯದೇ.

ಎರಡು ಮೀಟರ್ ಅಗಲಕ್ಕೆ ತಿರುಗುವ ಯಂತ್ರವೊಂದನ್ನು ತೆಗೆದುಕೊಳ್ಳೋಣ. ಸೆಕೆಂಡಿಗೆ 3 ಮೀಟರ್, ಅಂದರೆ ಗಂಟೆಗೆ ಸುಮಾರು 11 ಕಿಲೋಮೀಟರ್ ವೇಗದ ಗಾಳಿಯಲ್ಲಿ ಅದು ಕೊಡುವುದು ಹನ್ನೆರಡು ವಾಟ್‌ನ ಆಸುಪಾಸು. 5 ಮೀಟರ್ ವೇಗಕ್ಕೆ ಐವತ್ತು ವಾಟ್ ದಾಟುತ್ತದೆ. 10 ಮೀಟರ್ ವೇಗದಲ್ಲಿ ನಾನೂರು ವಾಟ್ ಮೀರುತ್ತದೆ. ಗಾಳಿ ಒಂದೇ ಸಮ ಬೀಸಿತು ಎಂದುಕೊಂಡರೆ 3 ಮೀಟರ್ ಗಾಳಿಯಲ್ಲಿ ಇಡೀ ದಿನಕ್ಕೆ ಕಾಲು ಯೂನಿಟ್ಟಿಗಿಂತ ಸ್ವಲ್ಪ ಹೆಚ್ಚು, 5 ಮೀಟರ್ ಗಾಳಿಯಲ್ಲಿ ಒಂದೂಕಾಲು ಯೂನಿಟ್ ಸಿಗುತ್ತದೆ.

ಮನೆಗೆ ಬೇಕಾದದ್ದೆಷ್ಟು? ಒಂಬತ್ತು ವಾಟ್‌ನ ನಾಲ್ಕು ಎಲ್‌ಇಡಿ ಬಲ್ಬು ಐದು ಗಂಟೆ ಉರಿದು, ಕಡಿಮೆ ಕರೆಂಟು ಎಳೆಯುವ ಎರಡು ಫ್ಯಾನು ಎಂಟು ಗಂಟೆ ತಿರುಗಿ, ಟಿ.ವಿ. ಮೂರು ಗಂಟೆ ನಡೆದು, ಮೊಬೈಲುಗಳು ಚಾರ್ಜ್ ಆದರೂ ಒಂದು ಯೂನಿಟ್ ತುಂಬುವುದಿಲ್ಲ. ಒಳ್ಳೆಯ ಬಿಸಿಲಿನಲ್ಲಿ 330 ವಾಟ್‌ನ ಒಂದು ಪ್ಯಾನೆಲ್ ಇಷ್ಟನ್ನು ಸಲೀಸಾಗಿ ಕೊಡುತ್ತದೆ. ಮೋಡದ ದಿನ ಅದರ ಅರ್ಧವೂ ಅನುಮಾನ. ಗಾಳಿಯಂತ್ರ ತುಂಬಿಕೊಡಬೇಕಾದದ್ದು ಈ ಕೊರತೆಯನ್ನು ಮಾತ್ರ. ಬೋರ್‌ವೆಲ್ ಮೋಟಾರನ್ನೂ ಇದರಿಂದಲೇ ಓಡಿಸುತ್ತೇನೆಂದು ಹೊರಟರೆ ನಿರಾಶೆ ಖಚಿತ.

ನಾಲ್ಕು ತಾಲ್ಲೂಕು, ಬೇರೆ ಬೇರೆ ಗಾಳಿ

ಗಾಳಿ ಬಂದಾಗ ತೂರಿಕೊ ಎಂಬ ಗಾದೆ ಕಣದಲ್ಲಿ ಹುಟ್ಟಿದ್ದು. ರಾಗಿ ತೂರುವವರಿಗೆ ಮೂಡಗಾಳಿ ಯಾವ ಹೊತ್ತಿಗೆ ಏಳುತ್ತದೆ, ಎಲ್ಲಿ ನಿಂತರೆ ಹೊಟ್ಟು ಹಾರುತ್ತದೆ ಎಂಬುದು ಗೊತ್ತಿರುತ್ತದೆ. ಆದರೆ ಸುಗ್ಗಿಯ ಕಾಲದ ಆ ಗಾಳಿ ಮೊರಕ್ಕೆ ಸಾಕು, ಯಂತ್ರಕ್ಕೆ ಸಾಲದು. ಯಂತ್ರಕ್ಕೆ ಬೇಕಾದ ಬಲ ರೋಹಿಣಿ ಕಳೆದು ಮೃಗಶಿರಾ ಕೂತ ಮೇಲೆ ಪಡುವಲಿಂದ ಬರುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಈ ಮಳೆನೆರಳಿನ ಸೀಮೆಯಲ್ಲಿ ಮೋಡ ಓಡುತ್ತದೆ, ಗಾಳಿ ಬೀಸುತ್ತದೆ, ಮಳೆ ಮಾತ್ರ ಕಾಯಿಸುತ್ತದೆ. ಪ್ಯಾನೆಲ್ ಸೊರಗುವ ತಿಂಗಳುಗಳೂ ಯಂತ್ರ ದುಡಿಯುವ ತಿಂಗಳುಗಳೂ ಬಹುಪಾಲು ಒಂದೇ ಆಗಿರುವುದು ನಮ್ಮ ಭಾಗ್ಯ.

ಜಾಗದ ಮಾತಿಗೆ ಬಂದರೆ ನಾಲ್ಕೂ ತಾಲ್ಲೂಕು ಒಂದೇ ಅಲ್ಲ. ಪಾವಗಡದ ಕಡಲೆಕಾಯಿ ಹೊಲಗಳು, ತಿರುಮಣಿ ಸುತ್ತಿನ ಬಯಲು ಗಾಳಿಗೆ ತೆರೆದುಕೊಂಡಿವೆ. ಶಿರಾದ ಉತ್ತರ ಭಾಗವೂ ಹಾಗೆಯೇ. ಮಧುಗಿರಿಯಲ್ಲಿ ಮೈದನಹಳ್ಳಿ ಸುತ್ತಿನ ಸಮತಟ್ಟು ನೆಲ ಗಾಳಿಗೆ ಅನುಕೂಲ. ಆದರೆ ಅಲ್ಲಿನ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶದ ಹುಲ್ಲುಗಾವಲಿಗೆ ಯಾರೂ ಕೈ ಹಚ್ಚಬಾರದು. ಅದೇ ಮಧುಗಿರಿಯ ಏಕಶಿಲಾ ಬೆಟ್ಟದ ಮಗ್ಗುಲಲ್ಲಿ, ಮಿಡಿಗೇಶಿ ಕೋಟೆಯ ಬುಡದಲ್ಲಿ ಗಾಳಿ ಸುಳಿಸುಳಿಯಾಗಿ ಒಡೆದು ಬರುತ್ತದೆ. ಬೆಟ್ಟದ ತುದಿಯಲ್ಲಿ ಬೀಸುವ ಗಾಳಿ ಬುಡದ ಮನೆಯ ಪಾಲಿಗಲ್ಲ.

ಕೊರಟಗೆರೆಯದು ಕಷ್ಟದ ಲೆಕ್ಕ. ಚನ್ನರಾಯನದುರ್ಗ, ಸಿದ್ಧರಬೆಟ್ಟದ ನಡುವಿನ ತಗ್ಗು, ಸುವರ್ಣಮುಖಿ–ಜಯಮಂಗಲಿ ದಂಡೆಯ ತೆಂಗು ಅಡಿಕೆ ತೋಟಗಳು ಗಾಳಿಯನ್ನು ತಡೆದುಬಿಡುತ್ತವೆ. ಅಲ್ಲಿ ತೋಟದೊಳಗಿನ ಮನೆಯವರಿಗೆ ನನ್ನ ಸಲಹೆ ಮರೆಯ ಬಂದರಿನ ನಾವಿಕನಿಗೆ ಸಿಗುವ ಸಲಹೆಯೇ: ಇನ್ನೊಂದು ಪ್ಯಾನೆಲ್ ಕೊಳ್ಳಿ.

ಶಿರಾ ತಾಲ್ಲೂಕಿನ ಕಗ್ಗಲಡುವಿನ ಮಾತು ಬೇರೆ. ಅಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಜನ ಅವನ್ನು ಮನೆಮಕ್ಕಳಂತೆ ಕಾಯುತ್ತಾರೆ. ಅವು ಹಾರಾಡುವ ದಾರಿಯಲ್ಲಿ ತಿರುಗುವ ರೆಕ್ಕೆ ಇರಕೂಡದು. ಆ ಊರಿನ ಸುತ್ತಮುತ್ತ ಗಾಳಿಯಂತ್ರದ ಯೋಚನೆಯನ್ನೇ ಬಿಡಬೇಕು.

ಕಂಬ, ತಂತಿ, ಬ್ಯಾಟರಿ

ಕರ್ನಾಟಕದ ಗಾಳಿಯ ಸಾಮರ್ಥ್ಯ 1.24 ಲಕ್ಷ ಮೆಗಾವಾಟ್ ಎಂದು ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಲೆಕ್ಕ ಹಾಕಿದೆ. ಅದು ನೆಲದಿಂದ 120 ಮೀಟರ್ ಎತ್ತರದ ಲೆಕ್ಕ. ಮನೆಯ ಚಾವಣಿಗೆ ಅದು ಅನ್ವಯಿಸುವುದಿಲ್ಲ. ಸುತ್ತ 150 ಮೀಟರ್ ಒಳಗಿನ ಅತಿ ಎತ್ತರದ ಮರಕ್ಕಿಂತ ರೆಕ್ಕೆಯ ಕೆಳತುದಿ ಕನಿಷ್ಠ 9 ಮೀಟರ್ ಮೇಲಿರಬೇಕೆಂಬುದು ಸಣ್ಣ ಯಂತ್ರಗಳ ನಿಯಮ. ಹತ್ತಿರದಲ್ಲಿ 18 ಮೀಟರ್ ತೆಂಗಿನಮರವಿದ್ದರೆ ಕಂಬ 27 ಮೀಟರ್ ಮೀರಬೇಕು, ಅಂದರೆ ಹತ್ತಿರ ಹತ್ತಿರ ತೊಂಬತ್ತು ಅಡಿ. ಬಯಲು ಹೊಲದಲ್ಲಿ ಅದರ ಅರ್ಧ ಸಾಕಾದೀತು.

ಗಾಳಿ ಎಷ್ಟೆತ್ತರದಲ್ಲಿ ಹದಕ್ಕೆ ಬರುತ್ತದೆಂದು ನೋಡಲು ಸುಲಭದ ದಾರಿಯಿದೆ. ಆಷಾಢದ ಗಾಳಿಪಟದ ದಾರಕ್ಕೆ ನಾಲ್ಕು ನಾಲ್ಕು ಮಾರಿಗೊಂದರಂತೆ ಮೊಳದುದ್ದದ ಬಟ್ಟೆಪಟ್ಟಿ ಕಟ್ಟಿ ಹಾರಿಸಿ. ಕೆಳಗಿನ ಪಟ್ಟಿಗಳು ಅತ್ತಿತ್ತ ಒದ್ದಾಡುತ್ತವೆ, ಸುತ್ತಿಕೊಳ್ಳುತ್ತವೆ. ಮೇಲಿನವು ನೆಟ್ಟಗೆ ಒಂದೇ ದಿಕ್ಕಿಗೆ ಚಾಚಿಕೊಳ್ಳುತ್ತವೆ. ಒದ್ದಾಟ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಮೇಲಕ್ಕೆ ಯಂತ್ರದ ಜಾಗ. ಬೇರೆ ಬೇರೆ ಹೊತ್ತಿನಲ್ಲಿ, ಹೊಲದ ಬೇರೆ ಬೇರೆ ಮೂಲೆಯಲ್ಲಿ ಹೀಗೆ ನೋಡಿದರೆ ಕಂಬದ ಎತ್ತರದ ಅಂದಾಜು ಸಿಕ್ಕಿಬಿಡುತ್ತದೆ.

ಕಂಬದ ಬುಡಕ್ಕೆ ಕೀಲಿಟ್ಟು, ನಾಲ್ಕು ದಿಕ್ಕಿಗೆ ಉಕ್ಕಿನ ಹಗ್ಗ ಬಿಗಿದು, ಬೇಕೆಂದಾಗ ನೆಲಕ್ಕೆ ಮಲಗಿಸುವಂತೆ ಮಾಡಿಕೊಳ್ಳಬೇಕು. ರಿಪೇರಿಗೂ ಅನುಕೂಲ, ಏಪ್ರಿಲ್–ಮೇ ತಿಂಗಳ ಬಿರುಗಾಳಿಗೆ ಮುಂಚೆ ಇಳಿಸಿಡಲೂ ಅನುಕೂಲ. ಬಯಲಲ್ಲಿ ಎತ್ತರಕ್ಕೆ ನಿಂತ ಕಬ್ಬಿಣಕ್ಕೆ ಸಿಡಿಲಿನ ಭಯವಿದೆ, ಅರ್ತಿಂಗ್ ಇಲ್ಲದೆ ಅದನ್ನು ಏರಿಸಲೇಬಾರದು. ಗೋಡೆಗೋ ಚಾವಣಿಗೋ ಯಂತ್ರ ಬಿಗಿಯುವುದಂತೂ ಬೇಡ, ಅದುರುವಿಕೆ ಮನೆಯೊಳಗೆಲ್ಲ ಇಳಿಯುತ್ತದೆ.

ತಂತಿಯಲ್ಲಿ ಎಷ್ಟೋ ಮಂದಿ ಸೋಲುತ್ತಾರೆ. ನಾನೂರು ವಾಟ್ ಶಕ್ತಿಯನ್ನು 12 ವೋಲ್ಟ್‌ನಲ್ಲಿ ಇಳಿಸಿದರೆ ತಂತಿಯಲ್ಲಿ 33 ಆಂಪಿಯರ್ ಹರಿಯುತ್ತದೆ. ಬ್ಯಾಟರಿಗೆ 30 ಮೀಟರ್ ದೂರವಿದ್ದು, 6 ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆದರೆ ಹೋಗಿಬರುವ ದಾರಿಯಲ್ಲೇ 6 ವೋಲ್ಟ್ ಕಳೆದುಹೋಗುತ್ತದೆ. ಹುಟ್ಟಿದ್ದರಲ್ಲಿ ಅರ್ಧ ತಂತಿ ಕಾಯಿಸುವುದಕ್ಕೇ ಹೋಯಿತು. ಅದೇ ತಂತಿಯಲ್ಲಿ 48 ವೋಲ್ಟ್ ವ್ಯವಸ್ಥೆಗೆ ನಷ್ಟ ಒಂದೂವರೆ ವೋಲ್ಟ್ ಮಾತ್ರ. ದೋಣಿಯಲ್ಲಿ ಕಂಬದಿಂದ ಬ್ಯಾಟರಿಗೆ ಕೆಲವೇ ಮೀಟರ್, ಅಲ್ಲಿ 12 ವೋಲ್ಟ್ ನಡೆಯುತ್ತದೆ. ಹೊಲದಲ್ಲಿ ನಡೆಯುವುದಿಲ್ಲ.

ಇನ್ನೊಂದು ಎಚ್ಚರ ಬೇಕು. ಬ್ಯಾಟರಿ ತುಂಬಿದ ಮೇಲೆ ಸೋಲಾರ್ ಪ್ಯಾನೆಲ್ಲಿನ ತಂತಿ ಬಿಡಿಸಿದರೂ ತೊಂದರೆಯಿಲ್ಲ. ಗಾಳಿಯಂತ್ರದ ಹೊರೆಯನ್ನು ಹಾಗೆ ಬಿಡಿಸಿದರೆ ರೆಕ್ಕೆ ಹಿಡಿತ ತಪ್ಪಿ ತಿರುಗಿ ಮುರಿದುಬೀಳಬಹುದು. ಆದ್ದರಿಂದ ಹೆಚ್ಚಾದ ಕರೆಂಟನ್ನು ಹೀಟರ್ ಕಾಯಿಲ್‌ಗೆ ತಿರುಗಿಸುವ ಚಾರ್ಜ್ ಕಂಟ್ರೋಲರ್ ಇರಲೇಬೇಕು. ಸೋಲಾರ್‌ಗೆಂದು ಮಾಡಿದ ಕಂಟ್ರೋಲರಿಗೆ ಗಾಳಿಯಂತ್ರ ಸೇರಿಸಬಾರದು. ಲಿಥಿಯಂ ಬ್ಯಾಟರಿ ತುಂಬಿದಾಗ ತಾನಾಗಿಯೇ ಸಂಪರ್ಕ ಕಡಿದುಕೊಳ್ಳುತ್ತದೆ, ಅಲ್ಲಿ ಇನ್ನೂ ಹೆಚ್ಚು ಜಾಗ್ರತೆ ಬೇಕು.

ಇದು ನಮ್ಮವರೇ ಮಾಡಿದ ಕೆಲಸ

ಸಣ್ಣ ಗಾಳಿಯಂತ್ರ ನಮ್ಮ ನಾಡಿಗೆ ಹೊಸದಲ್ಲ. 1960ರ ದಶಕದ ಮೊದಲಲ್ಲೇ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಬಾವಿಯಿಂದ ನೀರೆತ್ತುವ ‘ಡಬ್ಲ್ಯುಪಿ-2’ ಎಂಬ ಯಂತ್ರ ರೂಪಿಸಿತ್ತು. 1970ರ ದಶಕದ ಕೊನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್.ಪಿ. ಗೋವಿಂದರಾಜು ಮತ್ತು ರೊದ್ದಂ ನರಸಿಂಹ ಹಾಯಿಬಟ್ಟೆ ಬಳಸಿ ಕಡಿಮೆ ಖರ್ಚಿನಲ್ಲಿ ನೀರೆತ್ತುವ ಗಾಳಿಯಂತ್ರ ಮಾಡಿದರು. ನರಸಿಂಹ ಅವರ ಹೆಸರಿನಲ್ಲಿರುವ ರೊದ್ದಂ ಪಾವಗಡದ ಗಡಿಯಾಚೆಗೇ ಇದೆ. 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ ಅದೇ ಸಂಸ್ಥೆಯ ‘ಅಸ್ತ್ರ’ ಕೇಂದ್ರ ಹಳ್ಳಿಗೆ ಒಗ್ಗುವ ತಂತ್ರಜ್ಞಾನಕ್ಕೆ ತುಮಕೂರು ಜಿಲ್ಲೆಯದೇ ಕುಣಿಗಲ್ ತಾಲ್ಲೂಕಿನ ಉಂಗ್ರವನ್ನು ಆರಿಸಿಕೊಂಡಿತು. ವಿಜ್ಞಾನಿಗಳು ಹಳ್ಳಿಯ ಗಾಳಿ, ನೀರು, ಸೌದೆಗಳನ್ನು ಗಂಭೀರವಾಗಿ ಲೆಕ್ಕಕ್ಕೆ ತೆಗೆದುಕೊಂಡ ಕಾಲವದು. ಆ ಪರಂಪರೆ ಮುಂದುವರಿಯಬೇಕು.

ಆಗಬೇಕಾದದ್ದು

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನು ಇಟ್ಟಿದೆ. ಅವು ಗಾಳಿಯ ವೇಗ, ದಿಕ್ಕನ್ನೂ ದಾಖಲಿಸುತ್ತವೆ. ಆ ಅಂಕಿಗಳನ್ನು ತಿಂಗಳುವಾರು ಕನ್ನಡದಲ್ಲಿ, ರೈತರಿಗೆ ಅರ್ಥವಾಗುವಂತೆ ಪಂಚಾಯಿತಿ ಕಚೇರಿಯಲ್ಲಿ ಹಾಕಲಿ. ನಾಲ್ಕೂ ತಾಲ್ಲೂಕಿನಲ್ಲಿ ಒಂದೊಂದು ಬಯಲು ಜಾಗ ಆರಿಸಿ, 20 ಮೀಟರ್ ಕಂಬಕ್ಕೆ ವೇಗಮಾಪಕ ಕಟ್ಟಿ ಒಂದು ವರ್ಷ ಅಳೆಯಲಿ. ಐಟಿಐಗಳಲ್ಲಿ ಕಲಿಯುವ ಹುಡುಗರಿಗೆ ಕಂಬ ಎತ್ತುವುದು, ತಂತಿಯ ದಪ್ಪ ಲೆಕ್ಕ ಹಾಕುವುದು, ಬೇರಿಂಗ್ ಬದಲಿಸುವುದು ಪಾಠವಾಗಲಿ. ಕೈಗೆಟುಕುವ ಮೆಕ್ಯಾನಿಕ್ ಇಲ್ಲದ ಯಂತ್ರ ಎರಡನೇ ಆಷಾಢ ಕಾಣುವುದು ಕಷ್ಟ.

ಈ ಅಳತೆ ಕೈಗೆ ಬರುವವರೆಗೆ ಪಾವಗಡ, ಶಿರಾ, ಮಧುಗಿರಿಯ ಬಯಲು ಹೊಲದವರು ಗಾಳಿಪಟ ಹಾರಿಸಿ ನೋಡಲಿ. ಪಡುವಲಿಗೆ ತಡೆಯಿಲ್ಲದೆ, ಸೆಕೆಂಡಿಗೆ 5 ಮೀಟರ್ ಮುಟ್ಟುವ ಗಾಳಿ ಮೂರು ತಿಂಗಳು ಸಿಗುವ ಜಾಗವಿದ್ದರೆ ಪ್ಯಾನೆಲ್ ಜೊತೆಗೊಂದು ಗಾಳಿಯಂತ್ರ ಸಾರ್ಥಕ. ಇಲ್ಲದಿದ್ದರೆ ಆ ಹಣ ಇನ್ನೊಂದು ಪ್ಯಾನೆಲ್ಲಿಗೆ, ಒಳ್ಳೆಯ ಬ್ಯಾಟರಿಗೆ ಹೋಗಲಿ. ಬಿಸಿಲು, ಗಾಳಿ ಎರಡನ್ನೂ ದೇಶಕ್ಕೆ ಕೊಡುತ್ತಿರುವ ಸೀಮೆಯ ಒಂಟಿಮನೆಗೆ ರಾತ್ರಿಯಿಡೀ ಬೆಳಕು ಸಿಗಬೇಕಾದದ್ದು ನ್ಯಾಯ. ಅದಕ್ಕೆ ಬೇಕಾದ ಅಳತೆ ಮಾಡಿಸಿಕೊಡುವುದು ಸರ್ಕಾರದ ಕೆಲಸ, ಕೇಳಿ ಪಡೆಯುವುದು ನಮ್ಮ ಕೆಲಸ.