ಸುಟ್ಟ ನೆತ್ತಿಯಲ್ಲಿ ಕೇಶಪುನಃಸ್ಥಾಪನೆ: ಒಂದು ಚಾರಿತ್ರಿಕ ವಿವೇಚನೆ

ಹೆಣ್ಣುಮಕ್ಕಳು ಮಲ್ಲಿಗೆ ಮುಡಿಯುವ ಮಂಗಳೂರಿನಂತಹ ಊರಿನಲ್ಲಿ, ಬೆಂಕಿಯಿಂದಲೋ ಕುದಿನೀರಿನಿಂದಲೋ ನೆತ್ತಿ ಸುಟ್ಟ ಬಾಲಕಿಗೆ ಉಳಿಯುವ ಬೋಳುಕಲೆಯು ಕೇವಲ ಚರ್ಮದ ವಿಕಾರವಲ್ಲ. ನಾಲ್ವರ ನಡುವಿನ ಅವಳ ಬಾಳನ್ನೇ ಬಾಧಿಸುವ ಕೊರತೆ. ಅದನ್ನು ನೀಗುವ ಯತ್ನದ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಈ ಯತ್ನವು ಬಹು ಪ್ರಾಚೀನವಾದುದು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಮೊದಲನೆಯ ಅಧ್ಯಾಯವು ವ್ರಣಗಳಿಗೆ ವಿಧಿಸುವ 60 ಉಪಕ್ರಮಗಳಲ್ಲಿ ‘ರೋಮಸಂಜನನ’ವೂ ಒಂದು. ಆನೆಯ ದಂತವನ್ನು ಸುಟ್ಟ ಮಸಿಯನ್ನು ರಸಾಂಜನದೊಡನೆ ಲೇಪಿಸಿದರೆ ಅಂಗೈಯಲ್ಲಿಯೂ ಕೂದಲು ಹುಟ್ಟುವುದೆಂದು ಅಲ್ಲಿ ಹೇಳಿದೆ. ಆದರೆ ಆಳವಾಗಿ ಸುಟ್ಟಲ್ಲಿ ಕೂದಲಿನ ಮೂಲವಾದ ರೋಮಕೂಪಗಳೇ ನಾಶವಾಗುತ್ತವೆ. ಆದುದರಿಂದ ಯಾವ ತೈಲವೂ ಯಾವ ಲೇಪವೂ ಅಲ್ಲಿ ಫಲಿಸಲಾರದು. ಕೂದಲನ್ನು ಹೊಸದಾಗಿ ಹುಟ್ಟಿಸುವುದಲ್ಲ, ಉಳಿದೆಡೆಯಿಂದ ತಂದು ನೆಲೆಗೊಳಿಸುವುದೇ ದಾರಿ.

ಚರ್ಮವನ್ನು ಸ್ಥಳಾಂತರಿಸುವ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುಸುಲ್ತಾನನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನು ಕಳೆದುಕೊಂಡ ಕಾವಸ್‌ಜಿ ಎಂಬ ಎತ್ತು ಹೊಡೆಯುವವನಿಗೆ, ಪುಣೆಯ ಕಡೆಯ ದೇಶೀಯ ಶಸ್ತ್ರವೈದ್ಯನೊಬ್ಬನು ಹಣೆಯ ಚರ್ಮದಿಂದ ಮೂಗನ್ನು ರಚಿಸಿಕೊಟ್ಟ ವೃತ್ತಾಂತವು 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಇಂತಹ ಶಸ್ತ್ರಕ್ರಿಯೆಯಲ್ಲಿ ಹಣೆಯ ಮೇಲಂಚಿನ ಕೂದಲುಳ್ಳ ಚರ್ಮವೂ ಸೇರಿದರೆ ಹೊಸ ಮೂಗಿನ ಮೇಲೂ ಕೂದಲು ಬೆಳೆಯುತ್ತದೆ. ನೆಲೆ ಬದಲಾದರೂ ಕೂದಲಿನ ಸ್ವಭಾವ ಬದಲಾಗದೆಂಬುದು ಇದರಿಂದ ವಿಶದವಾಗುತ್ತದೆ.

ಈ ಸ್ವಭಾವವನ್ನು ನೆತ್ತಿಯ ಕಲೆಗಳಿಗೆ ಉಪಯೋಗಿಸಿಕೊಂಡವರಲ್ಲಿ ಜಪಾನಿನ ವೈದ್ಯ ಷೋಜಿ ಒಕುಡ ಅಗ್ರಗಣ್ಯರು. ಕೂದಲುಳ್ಳ ಚರ್ಮದ ಸಣ್ಣ ದುಂಡುತುಣುಕುಗಳನ್ನು ಕಲೆಯೊಳಗೆ ನೆಡುವ ಕ್ರಮವನ್ನು ಅವರು 1939ರಲ್ಲಿ ಪ್ರಕಟಿಸಿದರು. ಮಹಾಯುದ್ಧದ ಕೋಲಾಹಲದಲ್ಲಿ ಆ ಜಪಾನೀ ಬರಹ ಪಾಶ್ಚಾತ್ಯರ ಗಮನಕ್ಕೆ ಬರಲಿಲ್ಲ. 1959ರಲ್ಲಿ ಅಮೆರಿಕದ ನಾರ್ಮನ್ ಒರೆನ್‌ಟ್ರೈಕ್ ಅವರ ಬರಹದಿಂದಲೇ ಈ ತತ್ತ್ವವು ಅಲ್ಲಿ ಪ್ರಚಾರಕ್ಕೆ ಬಂದಿತು.

ಈಗ ಕಲೆ ಚಿಕ್ಕದಿದ್ದರೆ ಅದನ್ನು ಕತ್ತರಿಸಿ ತೆಗೆದು ಅಂಚುಗಳನ್ನು ಹೊಲಿಯುತ್ತಾರೆ. ದೊಡ್ಡದಿದ್ದರೆ ಪಕ್ಕದ ಒಳ್ಳೆಯ ಚರ್ಮದ ಕೆಳಗೆ ಸಿಲಿಕೋನಿನ ಚೀಲವೊಂದನ್ನಿಟ್ಟು, ವಾರವಾರವೂ ಉಪ್ಪುನೀರಿನ ದ್ರಾವಣವನ್ನು ತುಂಬಿ ಚರ್ಮವನ್ನು ಹಿಗ್ಗಿಸಿ, ಬಳಿಕ ಕಲೆಯ ಜಾಗಕ್ಕೆ ಎಳೆದು ಹೊದಿಸುತ್ತಾರೆ. ಉಳಿದ ಬೋಳಿನಲ್ಲಿ ರೋಮಕೂಪಗಳನ್ನು ಬಿಡಿಬಿಡಿಯಾಗಿ ನೆಡುವುದುಂಟು. ಕಲೆಯಲ್ಲಿ ರಕ್ತಸಂಚಾರ ಕಡಿಮೆಯಾದುದರಿಂದ ವಿರಳವಾಗಿ, ಹಲವು ಸಲ ನೆಡಬೇಕಾಗುತ್ತದೆ.

ಈ ಯಾವ ವಿಧಾನವೂ ಕೂದಲಿನ ಒಟ್ಟು ಸಂಖ್ಯೆಯನ್ನು ಹೆಚ್ಚಿಸದು, ಇದ್ದುದನ್ನೇ ಹಂಚುತ್ತದೆ. ಒಳ್ಳೆಯ ಚರ್ಮ ಸಾಕಷ್ಟು ಉಳಿಯದಿದ್ದಲ್ಲಿ ಶಸ್ತ್ರವೈದ್ಯನ ಕೈಯೂ ಕಟ್ಟಿಹೋಗುತ್ತದೆ. ಆದುದರಿಂದ ಸುಟ್ಟೊಡನೆ 20 ನಿಮಿಷಗಳ ಕಾಲ ತಣ್ಣೀರು ಹರಿಸಿ ಗಾಯದ ಆಳವನ್ನು ತಗ್ಗಿಸುವುದು, ರೋಮಕೂಪಗಳನ್ನು ಉಳಿಸಿಕೊಳ್ಳುವ ದೃಷ್ಟಿಯಿಂದಲೂ ಮೊದಲ ಚಿಕಿತ್ಸೆಯೆಂದು ತಿಳಿಯತಕ್ಕದ್ದು.